ಮಾನ್ವಿಯ ತೌಡು, ಬಟೇವಿಯಾದ ಹರಳು

ತುಂಗಭದ್ರೆಯ ನೀರು 1953ರ ಜುಲೈಯಲ್ಲಿ ಮೊದಲ ಸಲ ಕಾಲುವೆಗೆ ಇಳಿದಾಗ ರಾಯಚೂರು ಇನ್ನೂ ಹೈದರಾಬಾದ್ ರಾಜ್ಯದ ಜಿಲ್ಲೆ. ಆ ನೀರಿನಲ್ಲಿ ಊರೂರಿಗೂ ಭತ್ತ ನಾಟಿಯಾಗಬೇಕೆಂದು ಯಾರೂ ನಕ್ಷೆ ಬರೆದಿರಲಿಲ್ಲ. ಸರ್ ಆರ್ಥರ್ ಕಾಟನ್ 1860ರಲ್ಲೇ ಈ ನದಿಗೆ ಅಣೆಕಟ್ಟಿನ ಮಾತೆತ್ತಿದ್ದ. 1876–78ರ ಭೀಕರ ಬರದಲ್ಲಿ ಕೃಷ್ಣಾ–ತುಂಗಭದ್ರೆಗಳ ನಡುವಿನ ದೋಆಬಿನ ಹಳ್ಳಿಗಳು ಬರಿದಾದ ಮೇಲೆ ಆ ಮಾತು ಮತ್ತೆ ಮತ್ತೆ ಎದ್ದಿತು. 1944ರಲ್ಲಿ ಮದ್ರಾಸ್ ಮತ್ತು ಹೈದರಾಬಾದ್ ಸರ್ಕಾರಗಳು ಒಪ್ಪಂದಕ್ಕೆ ಬಂದವು, 1945ರ ಫೆಬ್ರುವರಿ 28ರಂದು ಶಂಕುಸ್ಥಾಪನೆಯಾಯಿತು. ಇಷ್ಟೆಲ್ಲದರ ಹಿಂದಿದ್ದುದು ಬರದ ಚಿಂತೆ. ಹಾಗಾಗಿ ಎಡದಂಡೆ ಕಾಲುವೆಯ ನೀರನ್ನು ತೆಳ್ಳಗೆ ಹರಡಿ, ಆದಷ್ಟು ಹೆಚ್ಚು ಹೊಲಗಳ ಜೋಳ, ಹತ್ತಿ, ಶೇಂಗಾ ಒಣಗದಂತೆ ನೋಡಿಕೊಳ್ಳುವುದು ಎಂಜಿನಿಯರರ ಲೆಕ್ಕಾಚಾರವಾಗಿತ್ತು. ಯಾವ ಸರ್ವೆ ನಂಬರಿಗೆ ಯಾವ ಬೆಳೆ ಎಂಬುದನ್ನು ಕಾಗದದ ಮೇಲೆ ಗೊತ್ತುಮಾಡಿಯೂ ಇದ್ದರು. ಭತ್ತಕ್ಕೆ ಅದರಲ್ಲಿ ಸಿಕ್ಕಿದ್ದು ಸಣ್ಣ ಪಾಲು.

ಕಾಗದ ನೆಲಕ್ಕಿಳಿಯಲಿಲ್ಲ. ಆಂಧ್ರದ ಕರಾವಳಿ ಜಿಲ್ಲೆಗಳಿಂದ ಬಂದ ರೈತರು ಗಂಗಾವತಿ, ಸಿಂಧನೂರು, ಮಾನ್ವಿ ಕಡೆ ಎರಿ ಹೊಲಗಳನ್ನು ಕೊಂಡು, ಮಡಿ ಕಟ್ಟಿ, ನೀರು ನಿಲ್ಲಿಸಿ ಭತ್ತ ನೆಟ್ಟರು. ಅವರು ಬಿಡಾರ ಹೂಡಿದ ಜಾಗಗಳು ಇವತ್ತಿಗೂ ಹೆಸರಿನ ಕೊನೆಗೆ ‘ಕ್ಯಾಂಪ್’ ಎಂದು ಇಟ್ಟುಕೊಂಡೇ ಊರುಗಳಾಗಿವೆ. ಅವರನ್ನು ನೋಡಿ ಊರಿನ ರೈತರೂ ಕಲಿತರು. ರೊಟ್ಟಿಯ ಸೀಮೆಯಲ್ಲಿ ಹಬ್ಬಕ್ಕಷ್ಟೇ ಬೇಯುತ್ತಿದ್ದ ಅನ್ನ ನಿತ್ಯದ ಊಟವಾಯಿತು. ರಾಯಚೂರಿನ ಸೋನಾ ಮಸೂರಿ ಬೆಂಗಳೂರಿನ ಅಂಗಡಿಗಳಲ್ಲಿ ಹೆಸರು ಹೇಳಿ ಮಾರುವ ಅಕ್ಕಿಯಾಯಿತು. ಅದರ ಬೆಲೆಯನ್ನು ಕಾಲುವೆಯ ಕೆಳಭಾಗದವರು ತೆತ್ತರು. ಸುಮಾರು 227 ಕಿಲೋಮೀಟರ್ ಉದ್ದದ ಆ ಕಾಲುವೆಯ ಮೇಲ್ಭಾಗ ಭತ್ತಕ್ಕೆ ನೀರು ಹೀರಿಕೊಂಡಷ್ಟೂ ಕೊನೆಯಲ್ಲಿದ್ದ ಮಾನ್ವಿ, ರಾಯಚೂರು ತಾಲ್ಲೂಕುಗಳ ಹೊಲಗಳಿಗೆ ಹನಿ ಕಡಿಮೆಯಾಯಿತು. ಕಾಲುವೆಯ ಮೈಲ್ 104ರಲ್ಲಿ ನೀರಿನ ಗೇಜ್ ಎಷ್ಟಿದೆ ಎಂಬ ಪ್ರಶ್ನೆಯ ಮೇಲೆ ಇಲ್ಲಿ ರಸ್ತೆ ತಡೆಗಳು ನಡೆದಿವೆ, ರಾಜಕೀಯ ನಡೆದಿದೆ. ಮಾನ್ವಿಯಲ್ಲಿ ಭತ್ತದ ಒಂದು ಚೀಲದ ಹಿಂದೆ ಎಷ್ಟು ನೀರಿನ ಜಗಳವಿದೆ ಎಂದು ಬಲ್ಲವರಿಗೆ ಆ ಚೀಲದಲ್ಲಿ ಯಾವುದೂ ಪೋಲಾಗಬಾರದು ಅನ್ನಿಸುತ್ತದೆ. ಈ ಲೇಖನದ ಕಾಳಜಿ ಅದೇ.

ಪೋಲಾಗುತ್ತಿರುವುದು ತೌಡು. ಇಲ್ಲಿನ ಭತ್ತದ ವ್ಯವಹಾರ 75 ಕಿಲೋ ಚೀಲದ ಲೆಕ್ಕದಲ್ಲಿ ನಡೆಯುತ್ತದೆ. ಗಿರಣಿಯಲ್ಲಿ ಆ ಚೀಲದ ಐದನೇ ಒಂದು ಭಾಗ ಹೊಟ್ಟಾಗಿ ಬೇರೆಯಾಗುತ್ತದೆ. ಒಳಗಿನ ಕಂದು ಅಕ್ಕಿಯನ್ನು ಪಾಲಿಶ್ ಮಾಡಿದಾಗ ಐದಾರು ಕಿಲೋ ತೌಡು ಉದುರುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಒಂದು ಕಿಲೋ ಎಣ್ಣೆ. ಆ ಎಣ್ಣೆಯಲ್ಲಿ ಶೇ 1ರಿಂದ 2ರಷ್ಟು, ಅಂದರೆ ಚೀಲವೊಂದಕ್ಕೆ ಹತ್ತು ಹದಿನೈದು ಗ್ರಾಂ, ಒರಿಜನಾಲ್ ಎಂಬ ವಸ್ತು. ಜೊತೆಗೆ ಫೆರುಲಿಕ್ ಆಮ್ಲ, ವಿಟಮಿನ್ ಇ ಗುಂಪಿನ ಟೋಕೋಟ್ರೈಯೆನಾಲ್‌ಗಳು, ಬಿ ಗುಂಪಿನ ವಿಟಮಿನ್‌ಗಳು. ಅಕ್ಕಿಯನ್ನು ಬೆಳ್ಳಗೆ ಮಾಡುವ ಆಸೆಯಲ್ಲಿ ನಾವು ಕಿತ್ತು ಹಾಕುವ ಪದರದಲ್ಲೇ ಕಾಳಿನ ಸತ್ವದ ಬಹುಪಾಲು ಇದೆ. ತೌಡಿನ ರಾಶಿಯೊಳಗಿಂದ ಆ ಕೆಲವೇ ಗ್ರಾಂಗಳನ್ನು ಹಿಡಿದು ತೆಗೆಯುವುದು ಹೇಗೆ? ಆ ಕಥೆಗೆ ನೂರಮೂವತ್ತು ವರ್ಷ ಮೀರಿದೆ, ಮತ್ತು ಅದು ಶುರುವಾದದ್ದು ಜಾವಾದಲ್ಲಿ, ಕೋಳಿಗಳಿಂದ.

ಡಚ್ಚರ ಆಳ್ವಿಕೆಯ ಜಾವಾದ ಬಟೇವಿಯಾದಲ್ಲಿ (ಇಂದಿನ ಜಕಾರ್ತಾ) ಬೆರಿಬೆರಿ ರೋಗ ಸೈನಿಕರನ್ನೂ ಕೈದಿಗಳನ್ನೂ ಕೊಲ್ಲುತ್ತಿತ್ತು. ಕಾಲು ಸೋಲುತ್ತಿತ್ತು, ಮೈ ಬಾವು ಬರುತ್ತಿತ್ತು, ಕೊನೆಗೆ ಎದೆ ನಿಲ್ಲುತ್ತಿತ್ತು. ರೋಗಾಣು ಹುಡುಕಲು ಬಂದಿದ್ದ ವೈದ್ಯ ಕ್ರಿಸ್ಟಿಯಾನ್ ಐಕ್ಮನ್‌ನ ಪ್ರಯೋಗದ ಕೋಳಿಗಳಿಗೂ ಅದೇ ತರಹದ ಕಾಲುಸೋಲು ಬಂತು, ಕೆಲವು ತಿಂಗಳಿಗೆ ತಾನಾಗಿಯೇ ವಾಸಿಯೂ ಆಯಿತು. ಕಾರಣ ಹುಡುಕುತ್ತಾ ಹೋದವನಿಗೆ ಸಿಕ್ಕಿದ್ದು ಅಡುಗೆಮನೆಯ ಸುದ್ದಿ: ಅಷ್ಟು ದಿನ ಕೋಳಿಗಳಿಗೆ ಮಿಲಿಟರಿ ಆಸ್ಪತ್ರೆಯ ಬಿಳಿ ಅನ್ನ ಹೋಗುತ್ತಿತ್ತು, ಹೊಸದಾಗಿ ಬಂದ ಅಡುಗೆಯವನು ಆ ಅನ್ನ ಕೊಡಲು ಒಪ್ಪದೆ ನಿಲ್ಲಿಸಿದ್ದ. ಅದರಿಂದಾಚೆಗೆ ಐಕ್ಮನ್ ತೌಡು ತಿನ್ನಿಸಿ ಕೋಳಿಗಳನ್ನು ಗುಣಪಡಿಸಿ ತೋರಿಸಿದ. ಅವನ ಗೆಳೆಯ ವೋರ್ಡರ್‌ಮನ್ 1895ರಿಂದೀಚೆಗೆ ಜಾವಾದ ನೂರೊಂದು ಜೈಲುಗಳ ಲೆಕ್ಕ ತೆಗೆದು, ಪಾಲಿಶ್ ಅಕ್ಕಿ ಉಣ್ಣುವ ಜೈಲುಗಳಲ್ಲೇ ಬೆರಿಬೆರಿ ಹೆಚ್ಚು ಎಂದು ಖಚಿತಪಡಿಸಿದ. ತೌಡಿನಲ್ಲಿರುವುದು ವಿಷಕ್ಕೆ ಮದ್ದಲ್ಲ, ದೇಹಕ್ಕೆ ಬೇಕೇ ಬೇಕಾದ ಒಂದು ಆಹಾರಾಂಶ ಎಂದು 1901ರಲ್ಲಿ ಹೇಳಿದವನು ಐಕ್ಮನ್‌ನ ನಂತರ ಆ ಕೆಲಸ ವಹಿಸಿಕೊಂಡ ಗೆರಿಟ್ ಗ್ರೈನ್ಸ್. ಜಪಾನಿನ ಉಮೆತಾರೊ ಸುಝುಕಿ 1910ರ ಹೊತ್ತಿಗೆ ತೌಡಿನಿಂದ ಅದರ ಸಾರವನ್ನು ತೆಗೆದ; 1912ರಲ್ಲಿ ಕಾಸಿಮಿರ್ ಫಂಕ್ ಇಂಥ ವಸ್ತುಗಳಿಗೆ ‘ವಿಟಮೈನ್’ ಎಂದು ಹೆಸರಿಟ್ಟ. ಆದರೆ ಸಾರ ಬೇರೆ, ಶುದ್ಧ ವಸ್ತು ಬೇರೆ. ಹೆಸರು ಬಂದ ಮೇಲೂ ವಸ್ತು ಯಾರ ಕೈಗೂ ಸಿಕ್ಕಿರಲಿಲ್ಲ.

ಈ ಘಟ್ಟದಲ್ಲಿ ಮಣ್ಣು ಸಹಾಯಕ್ಕೆ ಬಂತು. ಅಮೆರಿಕದ ಅಥರ್ಟನ್ ಸೈಡೆಲ್ 1916ರ ಸುಮಾರಿಗೆ ಒಂದು ಸಂಗತಿ ತೋರಿಸಿದ್ದ: ಸಾರದೊಳಕ್ಕೆ ಒಂದು ಜಾತಿಯ ಜೇಡಿಮಣ್ಣನ್ನು ಕದಡಿದರೆ ವಿಟಮಿನ್ ಅದರ ಮೇಲ್ಮೈಗೆ ಅಂಟಿಕೊಂಡು ದ್ರವದಿಂದ ಹೊರಬರುತ್ತದೆ. ಸಕ್ಕರೆ, ಪಿಷ್ಟ, ಅಂಟು ಬಹುಮಟ್ಟಿಗೆ ನೀರಿನಲ್ಲೇ ಉಳಿಯುತ್ತವೆ. ಮಣ್ಣನ್ನು ಸೋಸಿ ತೆಗೆದು, ಬೇರೆ ದ್ರವದಲ್ಲಿ ತೊಳೆದು ಹಿಡಿದದ್ದನ್ನು ಬಿಡಿಸಿಕೊಳ್ಳಬೇಕು. ಬಟೇವಿಯಾದಲ್ಲಿ ಐಕ್ಮನ್‌ನ ಪ್ರಯೋಗಶಾಲೆಯ ಪರಂಪರೆಯಲ್ಲಿ ಬಂದ ಬರೆಂಡ್ ಯಾನ್ಸೆನ್ ಮತ್ತು ವಿಲ್ಲೆಮ್ ಡೊನಾಟ್ ನೂರಾರು ಕಿಲೋ ತೌಡಿನ ಸಾರವನ್ನು ಆಮ್ಲಮಣ್ಣಿಗೆ ಹಿಡಿಸಿ, ಬಿಡಿಸಿ, ಮತ್ತೆ ಲೋಹದ ಲವಣಗಳಿಂದ ಒತ್ತರಿಸಿ, 1926ರಲ್ಲಿ ಚಿಟಿಕೆಯಷ್ಟು ಹರಳು ಪಡೆದರು. ಲೋಕದಲ್ಲಿ ಶುದ್ಧ ಹರಳಿನ ರೂಪಕ್ಕೆ ಬಂದ ಮೊದಲ ವಿಟಮಿನ್ ಅದು. ಅದರಲ್ಲಿ ಗಂಧಕದ ಪರಮಾಣುವಿದೆ ಎಂಬುದು ಅವರ ಕಣ್ಣಿಗೆ ಬೀಳಲಿಲ್ಲ, ವಸ್ತು ಅಷ್ಟು ಕಡಿಮೆಯಿತ್ತು.

ಆ ಕೊರತೆ ತುಂಬಿದವನು ರಾಬರ್ಟ್ ಆರ್. ವಿಲಿಯಮ್ಸ್. ಈ ಮನುಷ್ಯ ಹುಟ್ಟಿದ್ದು ನಮ್ಮ ಪಕ್ಕದ ನೆಲ್ಲೂರಿನಲ್ಲಿ, 1886ರಲ್ಲಿ, ಅಮೆರಿಕದ ಮಿಷನರಿ ದಂಪತಿಯ ಮಗನಾಗಿ. ಬಾಲ್ಯದ ಮೊದಲ ವರ್ಷಗಳೂ ಭಾರತದಲ್ಲೇ ಕಳೆದವು. 1910ರಲ್ಲಿ ಮನಿಲಾದಲ್ಲಿ ಕೆಲಸಕ್ಕಿದ್ದಾಗ ಸೇನಾ ವೈದ್ಯ ಎಡ್ವರ್ಡ್ ವೆಡ್ಡರ್ ತೌಡಿನ ಸಾರದ ಸೀಸೆಯೊಂದನ್ನು ಕೊಟ್ಟು ಇದರಲ್ಲಿ ಏನಿದೆ ನೋಡು ಎಂದ. ಬೆರಿಬೆರಿಯಿಂದ ಉಸಿರು ಕಟ್ಟುತ್ತಿದ್ದ ಕೂಸುಗಳು ಆ ಸಾರದ ಕೆಲವು ಹನಿಗಳಿಂದ ಕೆಲವೇ ತಾಸಿನಲ್ಲಿ ಚೇತರಿಸಿಕೊಳ್ಳುವುದನ್ನು ಕಂಡವನು ಮುಂದೆ ಇಪ್ಪತ್ತೈದು ವರ್ಷ, ಜೀವನೋಪಾಯಕ್ಕೆ ಟೆಲಿಫೋನ್ ಕಂಪನಿಯ ಪ್ರಯೋಗಶಾಲೆ ಸೇರಿದ ಮೇಲೂ, ಬಿಡುವಿನ ಹೊತ್ತಿನಲ್ಲಿ ಅದೊಂದನ್ನೇ ಬೆನ್ನುಹತ್ತಿದ. ಮಣ್ಣಿಗೆ ಅಂಟಿದ ವಿಟಮಿನ್ ಬಿಟ್ಟುಕೊಡಲು ಹಟ ಮಾಡುತ್ತಿತ್ತು. ಆ ಜಾಗವನ್ನು ಕ್ವಿನೈನ್ ಆಕ್ರಮಿಸಿಕೊಂಡು ವಿಟಮಿನ್ನನ್ನು ಹೊರದೂಡುತ್ತದೆ ಎಂದು ಕಂಡುಕೊಂಡದ್ದು ಅವನ ತಂಡದ ಗೆಲುವು. ಟನ್ನುಗಟ್ಟಲೆ ತೌಡಿನಿಂದ ಗ್ರಾಂಗಟ್ಟಲೆ ಹರಳು ಬಂತು. 1936ರಲ್ಲಿ ರಚನೆ ಬಿಡಿಸಿ, ಕೃತಕವಾಗಿ ತಯಾರಿಸಿಯೂ ತೋರಿಸಿದರು. ಹಿಡಿಯುವುದು ಅರ್ಧ ಕೆಲಸ, ಬಿಡಿಸಿಕೊಳ್ಳುವುದು ಉಳಿದರ್ಧ ಎಂಬುದು ಈ ಚರಿತ್ರೆಯ ಉದ್ದಕ್ಕೂ ಬರುವ ಮಾತು. ಮುಂದೆ ಹೇಳಲಿರುವ ಅಯಸ್ಕಾಂತದ ಕಥೆಯಲ್ಲೂ ಅದೇ ಬರುತ್ತದೆ.

ಆಗ ಭಾರತದಲ್ಲಿ ಬೆರಿಬೆರಿಯ ಮನೆ ಆಂಧ್ರದ ಕರಾವಳಿಯಾಗಿತ್ತು. ಗಿರಣಿಯ ಹಸಿ ಅಕ್ಕಿ ಉಣ್ಣುತ್ತಿದ್ದ ಆ ಜಿಲ್ಲೆಗಳಿಂದಲೇ ಮುಂದೆ ತುಂಗಭದ್ರೆಯ ಕ್ಯಾಂಪುಗಳಿಗೆ ಅನೇಕ ರೈತರು ಬಂದರು. ಜೋಳ ಉಣ್ಣುತ್ತಿದ್ದ ದೋಆಬಿಗೆ ಈ ರೋಗದ ಕಾಟವಿರಲಿಲ್ಲ. ರಾಬರ್ಟ್ ಮೆಕ್ಕಾರಿಸನ್ 1918ರಲ್ಲಿ ಕೂನೂರಿನಲ್ಲಿ ಬೆರಿಬೆರಿ ವಿಚಾರಣೆಗೆಂದು ಒಂದು ಸಣ್ಣ ಘಟಕ ತೆರೆದ. ಅದು ಬೆಳೆದು ನ್ಯೂಟ್ರಿಷನ್ ರಿಸರ್ಚ್ ಲ್ಯಾಬೊರೇಟರೀಸ್ ಆಯಿತು. ಅದರ ನಿರ್ದೇಶಕ ಡಬ್ಲ್ಯು.ಆರ್. ಐಕ್ರಾಯ್ಡ್ ಮತ್ತು ಸಂಗಡಿಗರು 1940ರಲ್ಲಿ ಭಾರತದ ಅಕ್ಕಿಯ ಸಮಸ್ಯೆಯ ಬಗ್ಗೆ ಬರೆದ ವರದಿ ಇವತ್ತಿಗೂ ಓದಿಸಿಕೊಳ್ಳುತ್ತದೆ. 1950ರ ದಶಕದ ಕೊನೆಗೆ ಆ ಸಂಸ್ಥೆ ಹೈದರಾಬಾದಿಗೆ, ಅಂದರೆ ರಾಯಚೂರಿನ ಹಳೆಯ ರಾಜಧಾನಿಗೆ, ಬಂದು ನೆಲೆಸಿತು. ಅದೇ ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ.

ಅಷ್ಟರಲ್ಲಿ ಜಪಾನಿನಲ್ಲಿ ತೌಡಿನ ಎರಡನೇ ಅಧ್ಯಾಯ ಶುರುವಾಗಿತ್ತು. 1954ರಲ್ಲಿ, ಎಡದಂಡೆ ಕಾಲುವೆಗೆ ನೀರು ಬಂದ ಮರುವರ್ಷ, ಕನೆಕೊ ಮತ್ತು ತ್ಸುಚಿಯಾ ಎಂಬ ರಸಾಯನಶಾಸ್ತ್ರಜ್ಞರು ತೌಡಿನ ಎಣ್ಣೆಯಿಂದ ಒರಿಜನಾಲ್ ಬೇರ್ಪಡಿಸಿದರು. ಮೊದಲು ಅದು ಒಂದೇ ವಸ್ತು ಎಂದುಕೊಂಡಿದ್ದರು. ಫೆರುಲಿಕ್ ಆಮ್ಲವು ಗಿಡಗಳ ಸ್ಟೆರಾಲ್‌ಗಳಿಗೆ ಜೋಡಣೆಯಾಗಿ ಆದ ಹಲವು ವಸ್ತುಗಳ ಕೂಟ ಅದು ಎಂಬುದು ಆಮೇಲೆ ತಿಳಿಯಿತು. ಹೈದರಾಬಾದಿನ ಪೋಷಣಾ ಸಂಸ್ಥೆಯಲ್ಲಿ ಸಿ. ರುಕ್ಮಿಣಿ ಮತ್ತು ಟಿ.ಸಿ. ರಘುರಾಮ್ 1980ರ ದಶಕದಲ್ಲಿ ತೌಡಿನ ಎಣ್ಣೆಯನ್ನು ಸ್ವಯಂಸೇವಕರ ಊಟದಲ್ಲಿ ಬಳಸಿ, ರಕ್ತದ ಕೊಲೆಸ್ಟೆರಾಲ್ ಇಳಿಯುವುದನ್ನು ದಾಖಲಿಸಿದರು. ಅದಕ್ಕೆ ಎಣ್ಣೆಯ ಕೊಬ್ಬಿನಾಮ್ಲಗಳಷ್ಟೇ ಅಲ್ಲ, ಒರಿಜನಾಲ್‌ನಂಥ ಸಣ್ಣ ಪ್ರಮಾಣದ ಘಟಕಗಳೂ ಕಾರಣ ಎಂದು ವಾದಿಸಿದರು. ಇವತ್ತು ಸೂಪರ್ ಬಜಾರಿನ ಎಣ್ಣೆಯ ಬಾಟಲಿ ಮೇಲೆ ‘ಒರಿಜನಾಲ್ ಇದೆ’ ಎಂದು ದಪ್ಪ ಅಕ್ಷರದಲ್ಲಿ ಕಾಣುವುದರ ಹಿಂದೆ ಆ ಕೆಲಸವಿದೆ.

ಆದರೆ ಬಾಟಲಿಗೆ ಬರುವ ಮೊದಲು ಒರಿಜನಾಲ್‌ನ ದೊಡ್ಡ ಪಾಲು ಕಳೆದುಹೋಗುತ್ತಿತ್ತು. ಹಳೆಯ ಹಲ್ಲರ್ ಗಿರಣಿಗಳಲ್ಲಿ ಹೊಟ್ಟು, ತೌಡು ಎರಡೂ ಕಲಸಿ ಬರುತ್ತಿದ್ದವು, ಅದು ದನಕ್ಕಷ್ಟೇ ಸೈ. ರಬ್ಬರ್ ರೋಲಿನ ಶೆಲ್ಲರ್‌ಗಳು ಬಂದ ಮೇಲೆ ಶುದ್ಧ ತೌಡು ಸಿಕ್ಕಿತು, ಹೆಕ್ಸೇನ್ ಹಾಯಿಸಿ ಎಣ್ಣೆ ತೆಗೆಯುವ ಸಾಲ್ವೆಂಟ್ ಕಾರ್ಖಾನೆಗಳು ಎದ್ದವು. ಅಲ್ಲಿಯೂ ಒಂದು ವೈರಿ: ತೌಡಿನಲ್ಲೇ ಇರುವ ಲೈಪೇಸ್ ಎಂಬ ಕಿಣ್ವ. ಕಾಳಿನೊಳಗೆ ಅದು ಎಣ್ಣೆಯಿಂದ ಬೇರೆಯಾಗಿ ಕೂತಿರುತ್ತದೆ. ಪಾಲಿಶ್ ಕಲ್ಲು ಪದರ ಹರಿದ ಕ್ಷಣದಿಂದ ಎಣ್ಣೆಯನ್ನು ಒಡೆಯಲು ಶುರು ಮಾಡುತ್ತದೆ. ಮುಕ್ತ ಕೊಬ್ಬಿನಾಮ್ಲ ದಿನಕ್ಕೆ ಶೇ 5ರಿಂದ 7ರಷ್ಟು ಏರುತ್ತದೆ, ಬೇಸಿಗೆಯ ರಾಯಚೂರಿನ ಬಿಸಿಲು ಅದಕ್ಕೆ ಒತ್ತಾಸೆ. ನಾಲ್ಕು ದಿನ ಗೋದಾಮಿನಲ್ಲಿ ಕೂತ ತೌಡಿನ ಎಣ್ಣೆ ಅಡುಗೆಗೆ ಬಾರದು, ಸಾಬೂನಿಗೆ ಹೋಗುತ್ತದೆ. ಭಾರತದ ತೌಡಿನ ಎಣ್ಣೆಯ ಮೊದಲ ದಶಕಗಳ ಕಥೆ ಬಹುಮಟ್ಟಿಗೆ ಸಾಬೂನಿನ ಕಥೆಯೇ. ಕುಸುಬಲಕ್ಕಿಯ ತೌಡಿಗೆ ಈ ಕಷ್ಟ ಕಡಿಮೆ, ಏಕೆಂದರೆ ಭತ್ತವನ್ನು ಬೇಯಿಸುವಾಗಲೇ ಕಿಣ್ವ ಸಾಯುತ್ತದೆ.

ಇನ್ನೊಂದು ನಷ್ಟ ಶುದ್ಧೀಕರಣದಲ್ಲಿ. ಎಣ್ಣೆಯ ಆಮ್ಲವನ್ನು ಕಾಸ್ಟಿಕ್ ಸೋಡಾ ಹಾಕಿ ತೆಗೆಯುವಾಗ ಒರಿಜನಾಲ್ ಕೂಡ ಕ್ಷಾರದ ಜೊತೆ ಸೇರಿ ಕೆಳಗಿಳಿಯುವ ಸಾಬೂನು ಗಸಿಗೆ ಹೋಗುತ್ತದೆ. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು 2001ರಲ್ಲಿ ಇದನ್ನು ಅಳೆದು ತೋರಿಸಿದಾಗ ಅಂಕಿ ಬೆಚ್ಚಿಬೀಳಿಸುವಂತಿತ್ತು: ಕ್ಷಾರದ ಹಂತದಲ್ಲಿ ಶೇ 90ಕ್ಕೂ ಹೆಚ್ಚು ಒರಿಜನಾಲ್ ನಷ್ಟ. ಹಬೆ ಹಾಯಿಸಿ ಆಮ್ಲ ತೆಗೆಯುವ ಭೌತಿಕ ವಿಧಾನದಲ್ಲಿ ಬಹುಪಾಲು ಉಳಿಯುತ್ತದೆ. ಎಣ್ಣೆ ಉದ್ಯಮ ಆ ಕಡೆ ತಿರುಗಲು ಇಂಥ ಲೆಕ್ಕಗಳೇ ಕಾರಣ. ಹೀಗೆ ಕಾರ್ಖಾನೆಯವರು ಹೊರಹಾಕುವ ಸಾಬೂನು ಗಸಿಯೇ ಒರಿಜನಾಲ್‌ನ ಗಣಿ ಎಂದು ಗೊತ್ತಾಯಿತು. ಆದರೆ ಅದರೊಳಗೆ ಮೇಣ, ಅಂಟು, ಸಾಬೂನು, ಬಣ್ಣ ಎಲ್ಲ ಕಲಸಿ ಕೂತಿವೆ. ಸೋಸಲು ಹೋದರೆ ಬಟ್ಟೆ ಕಟ್ಟುತ್ತದೆ, ಕೊಳವೆಯಲ್ಲಿ ಹರಿಸಲು ಹೋದರೆ ಕೊಳವೆ ಕಟ್ಟುತ್ತದೆ.

ಇಂಥ ಕಲಸಿನಿಂದ ಒಂದೇ ವಸ್ತುವನ್ನು ಹಿಡಿಯುವ ವಿದ್ಯೆಯ ಇನ್ನೊಂದು ಎಳೆಗಾಗಿ ತೌಡನ್ನು ಸ್ವಲ್ಪ ಬದಿಗಿಟ್ಟು ಪುಂಡಿಪಲ್ಯದ ಕಡೆ ಬರೋಣ. ರಾಯಚೂರು ಸೀಮೆಯಲ್ಲಿ ಪುಂಡಿ ಇಲ್ಲದ ಮನೆಯಿಲ್ಲ. ದೇವದುರ್ಗದ ಸಂತೆಯಲ್ಲೂ ಸಿವುಡು ಸಿವುಡಾಗಿ ಕೂತಿರುತ್ತದೆ. ಇದರ ಹಳದಿ ಹೂವಿನ ರಸಾಯನವನ್ನು ಬಿಡಿಸಿದವರು ವಾಲ್ಟೇರಿನ ಆಂಧ್ರ ವಿಶ್ವವಿದ್ಯಾಲಯದಲ್ಲಿದ್ದ ಟಿ.ಆರ್. ಶೇಷಾದ್ರಿ ಮತ್ತು ಅವರ ಶಿಷ್ಯರು. 1930ರ ದಶಕದಲ್ಲಿ ಅವರು ಹತ್ತಿ ಹೂವಿನ ಬಣ್ಣಗಳ ಬೆನ್ನುಹತ್ತಿದರು, 1940ರ ದಶಕದ ಆರಂಭದಲ್ಲಿ ಪುಂಡಿಯ ಹೂವಿನಿಂದ ಕ್ಯಾನಬಿಸಿಟ್ರಿನ್, ಕೆಂಪು ಪುಂಡಿಯ ಹೂವಿನಿಂದ ಹಿಬಿಸಿಟ್ರಿನ್ ಎಂಬ ಫ್ಲೇವನಾಲ್‌ಗಳನ್ನು ಹೊರತೆಗೆದರು. ಇಂದು ನಾವು ಉತ್ಕರ್ಷಣ ನಿರೋಧಕ ಎಂದು ಹೊಗಳುವ ವಂಶದ ವಸ್ತುಗಳಿವು. ಹತ್ತಿ ಮತ್ತು ಪುಂಡಿ, ಎರಡೂ ದೋಆಬಿನ ಎರಿ ನೆಲದ ಮಕ್ಕಳು. ಅವುಗಳ ಹೂವಿನ ಮರ್ಯಾದೆಯನ್ನು ಶೇಷಾದ್ರಿಯವರಷ್ಟು ಎತ್ತಿ ಹಿಡಿದವರು ನಮ್ಮಲ್ಲಿ ಇನ್ನೊಬ್ಬರಿಲ್ಲ. ಇಂಗ್ಲೆಂಡಿನ ಎ.ಜಿ. ಪರ್ಕಿನ್ ಕಾಲದಿಂದ ನಡೆದುಬಂದ ಪದ್ಧತಿಯಲ್ಲಿ ಒಣ ದಳಗಳನ್ನು ಆಲ್ಕೊಹಾಲಿನಲ್ಲಿ ಕುದಿಸಿ, ಸಾರಕ್ಕೆ ಸೀಸದ ಅಸಿಟೇಟ್ ಹಾಕುತ್ತಿದ್ದರು. ಫ್ಲೇವನಾಲಿನ ಅಣುವಿನಲ್ಲಿ ಅಕ್ಕಪಕ್ಕ ಕೂತ ಎರಡು ಹೈಡ್ರಾಕ್ಸಿಲ್ ಗುಂಪುಗಳು ಲೋಹವನ್ನು ಕಂಡರೆ ಬಿಡುವುದಿಲ್ಲ. ಸೀಸದೊಂದಿಗೆ ಕೂಡಿ ಹಳದಿ ಗಸಿಯಾಗಿ ತಳಕ್ಕೆ ಬೀಳುತ್ತಿತ್ತು. ಆಮೇಲೆ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹಾಯಿಸಿ ಸೀಸವನ್ನು ಬೇರ್ಪಡಿಸುವುದು. ವಿದ್ಯೆಗೆ ಸರಿ, ಊಟದ ಪದಾರ್ಥಕ್ಕೆ ಸೀಸ ಎಂದೂ ಸಲ್ಲದು. ಅದೇ ಲೋಹಪ್ರೀತಿಯನ್ನು ವಿಷವಿಲ್ಲದ ಲೋಹದಿಂದ ಸಾಧಿಸಲು ಸಾಧ್ಯವೇ ಎಂಬುದು ಆಗ ಯಾರ ಪ್ರಶ್ನೆಯೂ ಆಗಿರಲಿಲ್ಲ.

ಕಬ್ಬಿಣ ಆ ಪ್ರಶ್ನೆಗೆ ಉತ್ತರವಾಗಿ ಬಂದದ್ದು ಬೇರೆ ದಾರಿಯಿಂದ. ಅಮೆರಿಕದ ಡಬ್ಲ್ಯು.ಸಿ. ಎಲ್ಮೋರ್ 1938ರಲ್ಲಿ ಮ್ಯಾಗ್ನೆಟೈಟ್ ಎಂಬ ಕಪ್ಪು ಕಬ್ಬಿಣದ ಆಕ್ಸೈಡಿನ ಅತಿಸಣ್ಣ ಕಣಗಳನ್ನು ನೀರಿನಲ್ಲಿ ತೇಲಿಸಿದ್ದ. 1960ರ ದಶಕದ ಆರಂಭದಲ್ಲಿ ನಾಸಾದ ಸ್ಟೀವ್ ಪ್ಯಾಪೆಲ್, ತೂಕವಿಲ್ಲದ ಬಾಹ್ಯಾಕಾಶದಲ್ಲಿ ರಾಕೆಟ್ಟಿನ ಇಂಧನವನ್ನು ಅಯಸ್ಕಾಂತದಿಂದ ಎಳೆಯಲು ಅಂಥ ಕಣಗಳನ್ನು ಎಣ್ಣೆಯಲ್ಲಿ ಕಲಸಿ ಕಾಂತದ್ರವ ಮಾಡಿದ. 1973ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ರಾಬಿನ್ಸನ್, ಡನಿಲ್ ಮತ್ತು ಲಿಲಿ ಕಿಣ್ವಗಳನ್ನು ಕಾಂತೀಯ ಕಣಗಳ ಮೇಲೆ ಕೂರಿಸಿ, ಕೆಲಸ ಮುಗಿದ ಮೇಲೆ ಅಯಸ್ಕಾಂತದಿಂದ ವಾಪಸು ಸೆಳೆದರು. ಪ್ಯಾರಿಸ್ಸಿನ ರೆನೆ ಮಸಾರ್ 1981ರಲ್ಲಿ ಪ್ರಕಟಿಸಿದ ವಿಧಾನ ಎಲ್ಲರ ಕೈಗೂ ಎಟುಕುವಂತಿತ್ತು: ಫೆರಿಕ್ ಮತ್ತು ಫೆರಸ್ ಲವಣಗಳನ್ನು ಎರಡಕ್ಕೊಂದರ ಪ್ರಮಾಣದಲ್ಲಿ ನೀರಿಗೆ ಹಾಕಿ, ಅಮೋನಿಯಾ ಸುರಿದರೆ ಕಪ್ಪು ಮ್ಯಾಗ್ನೆಟೈಟ್ ಒಡಮೂಡುತ್ತದೆ. ಯಾವ ಡಿಗ್ರಿ ಕಾಲೇಜಿನ ಪ್ರಯೋಗಾಲಯದಲ್ಲೂ ಇದನ್ನು ಮಾಡಬಹುದು. 1980ರ ದಶಕದ ನಡುವೆ ನಿಯೋಡಿಮಿಯಮ್ ಅಯಸ್ಕಾಂತ ಬಂದು, ಕೈಯಗಲದ ತುಂಡಿಗೂ ಈ ಕಣಗಳನ್ನು ಪಾತ್ರೆಯ ಗೋಡೆಗೆ ಎಳೆಯುವ ಬಲ ಬಂತು.

ಇಷ್ಟು ಸಣ್ಣದು ಏಕೆ ಬೇಕು? ಕಣ ಸುಮಾರು ಇಪ್ಪತ್ತು ನ್ಯಾನೊಮೀಟರಿಗಿಂತ ಸಣ್ಣದಾದಾಗ ಮ್ಯಾಗ್ನೆಟೈಟಿಗೆ ಒಂದು ವಿಶೇಷ ಗುಣ ಬರುತ್ತದೆ. ಅಯಸ್ಕಾಂತ ಹತ್ತಿರ ಇರುವ ತನಕ ಬಲವಾಗಿ ಸೆಳೆತಕ್ಕೊಳಗಾಗುತ್ತದೆ, ಅದನ್ನು ತೆಗೆದ ಕೂಡಲೆ ತನ್ನಲ್ಲಿ ಕಾಂತತ್ವ ಉಳಿಸಿಕೊಳ್ಳುವುದಿಲ್ಲ. ಹಾಗಾಗಿ ಕಣಗಳು ಒಂದಕ್ಕೊಂದು ಅಂಟಿ ಗಂಟಾಗದೆ ಮತ್ತೆ ದ್ರವದಲ್ಲಿ ಹರಡುತ್ತವೆ. ಇನ್ನೊಂದು ಲಾಭ ಮೇಲ್ಮೈ. ಹತ್ತು ನ್ಯಾನೊಮೀಟರಿನ ಕಣಗಳ ಒಂದು ಗ್ರಾಂ ಪುಡಿಯಲ್ಲಿ ಎಲ್ಲ ಕಣಗಳ ಮೇಲ್ಮೈ ಕೂಡಿಸಿದರೆ ನೂರು ಚದರ ಮೀಟರ್ ದಾಟುತ್ತದೆ, ಅಂದರೆ ಒಂದು ಗುಂಟೆ ನೆಲ. ಸೈಡೆಲ್ಲನ ಜೇಡಿಮಣ್ಣು ಮಾಡಿದ ಕೆಲಸವೇ ಇಲ್ಲಿಯೂ ನಡೆಯುತ್ತದೆ. ಆದರೆ ಈ ಮಣ್ಣು ಕರೆದರೆ ಬರುತ್ತದೆ.

ಪ್ರಯೋಗಶಾಲೆಯಲ್ಲಿ ಅದು ನಡೆಯುವ ಬಗೆ ಹೀಗೆ. ಬರಿಯ ಮ್ಯಾಗ್ನೆಟೈಟ್ ಹುಳಿಯಲ್ಲಿ ಕರಗುತ್ತದೆ, ಗಾಳಿಗೆ ತುಕ್ಕಾಗುತ್ತದೆ. ಹಾಗಾಗಿ ಮೊದಲು ಅದರ ಮೇಲೆ ಸಿಲಿಕಾದ ತೆಳು ಹೊದಿಕೆ ಕೊಡುತ್ತಾರೆ. ಹೊದಿಕೆಯ ಮೇಲೆ ಬೇಕಾದ ‘ಕೈ’ಗಳನ್ನು ಕೂರಿಸುತ್ತಾರೆ: ಅಕ್ಕಪಕ್ಕದ ಹೈಡ್ರಾಕ್ಸಿಲ್ ಜೋಡಿಯನ್ನೇ ಹುಡುಕಿ ಹಿಡಿಯುವ ಬೋರೋನಿಕ್ ಆಮ್ಲ, ಅಥವಾ ಸಿಗಡಿ ಸಿಪ್ಪೆಯಿಂದ ಬರುವ ಕೈಟೋಸಾನ್, ಅಥವಾ ಟೈಟಾನಿಯಮ್ ಆಕ್ಸೈಡ್. ಇನ್ನೂ ಜಾಣ ಉಪಾಯವೆಂದರೆ ಫೆರುಲಿಕ್ ಆಮ್ಲದಂಥ ಅಣುವನ್ನೇ ಅಚ್ಚಾಗಿಟ್ಟು ಸುತ್ತ ಪಾಲಿಮರ್ ಕಟ್ಟಿ, ಆಮೇಲೆ ಅಣುವನ್ನು ತೊಳೆದು ತೆಗೆಯುವುದು. ಉಳಿದ ಗುಳಿ ಮುಂದೆ ಅದೇ ಆಕಾರದ ಅಣುವನ್ನೇ ಒಳಗೆ ಬಿಟ್ಟುಕೊಳ್ಳುತ್ತದೆ. ತಯಾರಾದ ಕಪ್ಪು ಪುಡಿಯನ್ನು ತೌಡಿನದೋ ಎಲೆಯದೋ ಸಾರಕ್ಕೆ ಹಾಕಿ ಕೆಲವು ನಿಮಿಷ ಕದಡುತ್ತಾರೆ. ಪಾತ್ರೆಯ ಪಕ್ಕಕ್ಕೆ ಅಯಸ್ಕಾಂತ ಹಿಡಿದರೆ ಕಪ್ಪು ಮಡ್ಡಿಯೆಲ್ಲ ಆ ಗೋಡೆಗೆ ಸರಿಯುತ್ತದೆ. ಪಿಷ್ಟ, ಅಂಟು, ಸಕ್ಕರೆ ತುಂಬಿದ ನೀರನ್ನು ಬಗ್ಗಿಸಿ ಚೆಲ್ಲಬಹುದು. ಸೋಸುವ ಬಟ್ಟೆಯಿಲ್ಲ, ಕಟ್ಟಿಕೊಳ್ಳುವ ಕೊಳವೆಯಿಲ್ಲ. ಆಮೇಲೆ ತುಸು ಹುಳಿ ಬೆರೆಸಿದ ಆಲ್ಕೊಹಾಲಿನಲ್ಲಿ ಕಣಗಳನ್ನು ತೊಳೆದರೆ ಹಿಡಿದದ್ದು ಬಿಡುತ್ತದೆ, ಕಣಗಳನ್ನು ಮತ್ತೆ ಬಳಸಬಹುದು. ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಕುರೆಪಾ ಮತ್ತು ಸ್ಮಾಲ್ ಅವರ ತಂಡ 2014ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಗಿಡವನ್ನು ಅರೆಯದೆಯೇ, ಟೈಟಾನಿಯಮ್ ಆಕ್ಸೈಡಿನ ಅತಿಸಣ್ಣ ಕಣಗಳನ್ನು ಜೀವಂತ ಗಿಡದೊಳಕ್ಕೆ ಬಿಟ್ಟು ಫ್ಲೇವನಾಯ್ಡ್‌ಗಳನ್ನು ಹೊತ್ತು ಹೊರಬರುವಂತೆ ಮಾಡಿತು. ಶೇಷಾದ್ರಿಯವರ ಸೀಸದ ಜಾಗಕ್ಕೆ ಟೈಟಾನಿಯಮ್, ಕಬ್ಬಿಣ ಬಂದಿವೆ. ಹಿಡಿಯುವ ರಸಾಯನ ಅದೇ ಹಳೆಯದು.

ರಾಯಚೂರಿನ ಯಾವ ಅಕ್ಕಿ ಗಿರಣಿಗೆ ಹೋದರೂ ಅಯಸ್ಕಾಂತ ಹೊಸದಲ್ಲ. ಭತ್ತ ರಬ್ಬರ್ ರೋಲಿಗೆ ಬೀಳುವ ಮೊದಲು ಮ್ಯಾಗ್ನೆಟ್ ಹಾದು ಬರುತ್ತದೆ. ಮೊಳೆ, ತಂತಿಯ ಚೂರು, ಕುಡುಗೋಲಿನ ಮುರುಕು ಅಲ್ಲೇ ಉಳಿಯುತ್ತವೆ. ಬೇಡವಾದದ್ದನ್ನು ಹಿಡಿಯಲು ಇಟ್ಟ ಅದೇ ಬಲದಿಂದ ಅತ್ಯಂತ ಬೇಕಾದದ್ದನ್ನು ಹಿಡಿಯುವ ವಿದ್ಯೆ ಗಿರಣಿಯಿಂದ ಸ್ವಲ್ಪವೇ ದೂರದಲ್ಲಿ, ಲಿಂಗಸುಗೂರು ರಸ್ತೆಯ ಕೃಷಿ ವಿಶ್ವವಿದ್ಯಾಲಯದ ಅಂಗಳದಲ್ಲಿ ಬೇರೂರಲು ಜಾಗ ಸಿದ್ಧವಾಗಿದೆ. 2008ರಲ್ಲಿ ಧಾರವಾಡದಿಂದ ಬೇರ್ಪಟ್ಟು ರಾಯಚೂರು ಕೃಷಿ ವಿಶ್ವವಿದ್ಯಾಲಯ ಹುಟ್ಟಿತು. ಅದರ ಹಿಂದಿನ ವರ್ಷವಷ್ಟೇ ಕೇಂದ್ರ ಸರ್ಕಾರ ನ್ಯಾನೊ ವಿಜ್ಞಾನಕ್ಕೆಂದು ರಾಷ್ಟ್ರೀಯ ಮಿಷನ್ ಘೋಷಿಸಿತ್ತು. ಇಲ್ಲಿನ ಕೃಷಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಂಸ್ಕರಣೆ ಮತ್ತು ಆಹಾರ ಎಂಜಿನಿಯರಿಂಗ್ ವಿಭಾಗವಿದೆ, ವಿಶ್ವವಿದ್ಯಾಲಯಕ್ಕೆ ತನ್ನದೇ ನ್ಯಾನೊತಂತ್ರಜ್ಞಾನ ಕೇಂದ್ರವಿದೆ. 31 ಡಿಗ್ರಿ ಸೆಲ್ಸಿಯಸ್ ಮತ್ತು ವಾತಾವರಣದ ಒತ್ತಡದ ಎಪ್ಪತ್ತಕ್ಕೂ ಹೆಚ್ಚು ಪಟ್ಟು ಒತ್ತಡ ದಾಟಿದ ಇಂಗಾಲದ ಡೈ ಆಕ್ಸೈಡಿನಿಂದ ಸಸ್ಯಸಾರ ತೆಗೆಯುವ ಸೂಪರ್‌ಕ್ರಿಟಿಕಲ್ ವಿಧಾನದಲ್ಲಿ ಇಲ್ಲಿನವರಿಗೆ ಕೈ ಪಳಗಿದೆ. ಹೆಕ್ಸೇನಿನ ಸೋಂಕಿಲ್ಲದ ಸಾರ ಆ ಯಂತ್ರದಿಂದ, ಅದರೊಳಗಿನ ಒಂದೇ ವಸ್ತು ಕಾಂತಕಣದಿಂದ: ಇವೆರಡೂ ಒಂದೇ ಅಂಗಳದಲ್ಲಿ ಕೂಡಬಲ್ಲವು.

ರಾಯಚೂರಿಗೆ ಇನ್ನೊಂದು ಸ್ವಂತದ ಸಂಪತ್ತಿದೆ. ಹೊಟ್ಟು ಸುಟ್ಟರೆ ಅದರ ಐದನೇ ಒಂದು ಭಾಗದಷ್ಟು ಬೂದಿ ಉಳಿಯುತ್ತದೆ, ಆ ಬೂದಿಯ ಶೇ 85ರಿಂದ 95ರಷ್ಟು ಸಿಲಿಕಾ. ಮ್ಯಾಗ್ನೆಟೈಟಿಗೆ ಹೊದಿಸಬೇಕಾದದ್ದೂ ಸಿಲಿಕಾವೇ. ಗಿರಣಿಯ ಬಾಯ್ಲರಿನಿಂದ ಹೊರಬಿದ್ದು ರಸ್ತೆ ಪಕ್ಕದ ಹೊಲಗಳ ಮೇಲೆ ಕೂರುವ ಬೂದಿಯಿಂದ, ಅದೇ ಗಿರಣಿಯ ತೌಡಿನ ಸತ್ವ ಹಿಡಿಯುವ ಕಣದ ಹೊದಿಕೆ ತಯಾರಾಗಬಲ್ಲದು. ಜಗತ್ತಿನ ಹಲವು ಪ್ರಯೋಗಶಾಲೆಗಳಲ್ಲಿ ಹೊಟ್ಟಿನ ಬೂದಿಯಿಂದ ನ್ಯಾನೊಸಿಲಿಕಾ ತೆಗೆದು ತೋರಿಸಿದ್ದಾರೆ.

ಇನ್ನೂ ಗೆಲ್ಲಬೇಕಾದದ್ದು ಕಡಿಮೆಯೇನಿಲ್ಲ. ಒರಿಜನಾಲ್ ಎಣ್ಣೆಯಲ್ಲಿ ಕರಗುವ ವಸ್ತು, ನೀರಿನ ಸಾರದಲ್ಲಿ ಚೆನ್ನಾಗಿ ಕೆಲಸ ಮಾಡುವ ಕಣ ಎಣ್ಣೆಯಲ್ಲಿ ತಡವರಿಸುತ್ತದೆ; ಫೆರುಲಿಕ್ ಆಮ್ಲ, ಪುಂಡಿಯ ಫ್ಲೇವನಾಲ್‌ಗಳಿಗೆ ಈ ವಿಧಾನ ಹೆಚ್ಚು ಒಗ್ಗುತ್ತದೆ. ಹುಳಿಯಲ್ಲಿ ತೊಳೆದಾಗ ಕಣದಿಂದ ಕಬ್ಬಿಣ ಸೋರಿ ಅಂತಿಮ ವಸ್ತುವಿನಲ್ಲಿ ಉಳಿಯಬಾರದು. ಒಂದೇ ಒಂದು ಕಣವೂ ತಿನ್ನುವ ಪದಾರ್ಥಕ್ಕೆ ಜಾರಬಾರದು, ಜಾರಿಲ್ಲ ಎಂದು ಪ್ರತಿ ಬ್ಯಾಚಿನಲ್ಲೂ ಸಾಬೀತು ಮಾಡಬೇಕು. ಪ್ರಮಾಣದ ಪ್ರಶ್ನೆಗೆ ಗಣಿ ಉದ್ಯಮ ದಾರಿ ತೋರಿಸಿದೆ: ಅಮೆರಿಕದ ಜಾರ್ಜಿಯಾದಲ್ಲಿ 1970ರ ದಶಕದಿಂದಲೇ ಚೀನಿ ಮಣ್ಣಿನ ಕೆಸರನ್ನು ಉಕ್ಕಿನ ನಾರು ತುಂಬಿದ ದೈತ್ಯ ಅಯಸ್ಕಾಂತಗಳ ಮೂಲಕ ಹರಿಸಿ, ಬಣ್ಣಗೆಡಿಸುವ ಕಬ್ಬಿಣದ ಕಣಗಳನ್ನು ತೆಗೆದು ಬೆಳ್ಳಗೆ ಮಾಡುತ್ತಿದ್ದಾರೆ. ಟನ್ನುಗಟ್ಟಲೆ ದ್ರವದಿಂದ ಸಣ್ಣ ಕಣ ಹಿಡಿಯುವುದು ಅಸಾಧ್ಯವಲ್ಲ. ದುಬಾರಿಯಾಗಿರುವುದು ಕಣದ ಮೇಲಿನ ‘ಕೈ’. ಅದನ್ನು ಹತ್ತಾರು ಸಲ ಬಳಸುವಂತಾಗುವ ತನಕ ಗಿರಣಿ ಮಾಲೀಕರು ಇತ್ತ ತಿರುಗಿ ನೋಡುವುದಿಲ್ಲ, ನೋಡಬೇಕೆಂದು ಕೇಳುವುದೂ ನ್ಯಾಯವಲ್ಲ.

ಇದರ ಲಾಭ ಯಾವ ಊರಿಗೆ ಎಂಬ ಪ್ರಶ್ನೆಗೆ ಜಿಲ್ಲೆಯ ದೇವದುರ್ಗದ ಮಾತು ಇಲ್ಲೇ ಹೇಳಬೇಕು. ಕೃಷ್ಣೆಯ ದಂಡೆಯಲ್ಲಿದ್ದೂ ಅದು ದೀರ್ಘಕಾಲ ಮಳೆ ನಂಬಿದ ತಾಲ್ಲೂಕಾಗಿತ್ತು. ಕೃಷ್ಣಾ ಮೇಲ್ದಂಡೆ ಯೋಜನೆಗೆ ಲಾಲ್ ಬಹದ್ದೂರ್ ಶಾಸ್ತ್ರಿಯವರು 1964ರ ಮೇ 22ರಂದು ಅಡಿಗಲ್ಲಿಟ್ಟರು, ನಾರಾಯಣಪುರದ ಅಣೆಕಟ್ಟು ಮುಗಿದದ್ದು 1982ರಲ್ಲಿ, ಬಲದಂಡೆ ಕಾಲುವೆಯ ನೀರು ಇಲ್ಲಿನ ಹೊಲ ಮುಟ್ಟಿದ್ದು ಅದಕ್ಕೂ ಎಷ್ಟೋ ತಡವಾಗಿ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ದೇವದುರ್ಗ ರಾಜ್ಯದ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿತ್ತು. ತಾಲ್ಲೂಕು ಬೆಳೆಯುವುದನ್ನು ಕಚ್ಚಾ ರೂಪದಲ್ಲೇ ಹೊರಗೆ ಕಳಿಸುವವರೆಗೆ ಬೆಲೆ ಏರುವುದು ಬೇರೆ ಊರಿನಲ್ಲಿ. ಭತ್ತವನ್ನು ಭತ್ತವಾಗಿಯೇ ಲಾರಿಗೆ ಹತ್ತಿಸಿದರೆ ತೌಡು, ತೌಡಿನ ಎಣ್ಣೆ, ಎಣ್ಣೆಯ ಒರಿಜನಾಲ್ ಮೂರೂ ಒಟ್ಟಿಗೆ ಊರು ಬಿಡುತ್ತವೆ. ಹತ್ತಿಗೂ ಪುಂಡಿಗೂ ಅದೇ ಮಾತು.

ಹಾಗಾದರೆ ಮೊದಲು ಆಗಬೇಕಾದದ್ದು ನ್ಯಾನೊಕಣವಲ್ಲ, ಬಿಸಿ. ತೌಡು ಪಾಲಿಶ್ ಯಂತ್ರದಿಂದ ಬಿದ್ದ ಕೆಲವೇ ತಾಸಿನೊಳಗೆ 125–130 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒತ್ತಿ ಹಾಯಿಸುವ ಎಕ್ಸ್‌ಟ್ರೂಡರ್ ಇದ್ದರೆ ಲೈಪೇಸ್ ಸಾಯುತ್ತದೆ, ತೌಡು ವಾರಗಟ್ಟಲೆ ಕೆಡದೆ ನಿಲ್ಲುತ್ತದೆ. ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು 1980ರ ದಶಕದಲ್ಲೇ ಈ ವಿಧಾನವನ್ನು ರೂಪಿಸಿದ್ದರು. ಇದಕ್ಕೆ ಹೊಸ ಸಂಶೋಧನೆ ಬೇಕಿಲ್ಲ. ಒಂದೊಂದೇ ಸಣ್ಣ ಗಿರಣಿಗೆ ಆ ಯಂತ್ರ ಭಾರ, ಮಾನ್ವಿಯ ನಾಲ್ಕಾರು ಗಿರಣಿಗಳು ಕೂಡಿ ಒಂದನ್ನು ಇಟ್ಟುಕೊಳ್ಳಬಹುದು. ಕೆಡದ ತೌಡು ಕೈಯಲ್ಲಿದ್ದರೆ ಎಣ್ಣೆಯನ್ನು ಭೌತಿಕ ವಿಧಾನದಲ್ಲಿ ಶುದ್ಧಮಾಡುವ ಕಾರ್ಖಾನೆಯ ಮುಂದೆ ಬೆಲೆ ಚೌಕಾಸಿ ಮಾಡಬಹುದು, ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೂ ವರ್ಷವಿಡೀ ಒಂದೇ ಗುಣದ ತೌಡು ಸಿಗುತ್ತದೆ. ಕಾಂತಕಣದ ಪ್ರಯೋಗ ಗ್ರಾಂಗಳಿಂದ ಕಿಲೋಗಳಿಗೆ ಏರಬೇಕಾದರೆ ಅಂಥ ತೌಡು ಇಲ್ಲದೆ ಆಗುವುದಿಲ್ಲ.